ಎದೆಗೆ ಕಟ್ಟಿದ ಹಕ್ಕಿ

ಸಂತೆಯಲ್ಲಿ ಎಲ್ಪಿದಿಯಾಳ ಅಂಗಡಿ ಎಲ್ಲಿ ಎಂದು ಕೇಳಿದರೆ ಗಂಡಸರು ಗೊತ್ತಿಲ್ಲ ಎನ್ನುತ್ತಿದ್ದರು, ಹೆಂಗಸರು ಕಣ್ಣಲ್ಲೇ ತೋರಿಸುತ್ತಿದ್ದರು. ಹಲಗೆಯ ಮೇಲೆ ಕೆಮ್ಮಿನ ಸೊಪ್ಪು, ಹೊಟ್ಟೆನೋವಿನ ಬೇರು. ಹಲಗೆಯ ಕೆಳಗಿನ ತಗಡಿನ ಡಬ್ಬಿಯಲ್ಲಿ ಚುಪರೋಸಗಳು. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುವ ಹೆಬ್ಬೆರಳುದ್ದದ ಝೇಂಕಾರದ ಹಕ್ಕಿಗೆ ಆ ಬೆಟ್ಟದ ಮೇಲೆ ಅದೇ ಹೆಸರು. ಸತ್ತ ಹಕ್ಕಿಯನ್ನು ಕೆಂಪು ರೇಷ್ಮೆದಾರದಲ್ಲಿ ಬಿಗಿಯಾಗಿ ಸುತ್ತಿ, ಜೇನು ಸವರಿ, ಒಲೆಯ ಹೊಗೆಗೆ ಒಣಗಿಸಿದರೆ ತಾಯತ. ಅದನ್ನು ಎದೆಗೆ ಕಟ್ಟಿಕೊಂಡವಳ ಗಂಡ ಎಲ್ಲಿದ್ದರೂ ಮನೆಗೆ ಬರಲೇಬೇಕು.

ಗಂಡನನ್ನು ಹಿಡಿದು ತರಲು ಆ ಜನ ಈ ಹಕ್ಕಿಯನ್ನೇ ಯಾಕೆ ಆರಿಸಿಕೊಂಡರೋ ದೇವರೇ ಬಲ್ಲ. ಇದರ ಗಂಡಿನಂಥ ಬೇಜವಾಬ್ದಾರಿ ಪ್ರಾಣಿ ಇನ್ನೊಂದಿಲ್ಲ. ಹೆಣ್ಣಿನ ಮುಂದೆ ಮುಗಿಲಿಂದ ಧುಮುಕಿ ಧುಮುಕಿ ಕುಣಿಯುತ್ತದೆ, ಕೆಲಸವಾದ ಮೇಲೆ ಗೂಡಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಜೇಡನ ನೂಲು ತಂದು ಗೂಡು ಹೆಣೆಯುವುದು, ಕಾವು ಕೊಡುವುದು, ಮರಿಗಳ ಬಾಯಿಗೆ ಹುಳ ತುರುಕುವುದು, ಎಲ್ಲ ತಾಯಿಯದೇ ಪಾಡು.

ಎಲ್ಪಿದಿಯಾಳಿಗೆ ಅವಳ ತಾಯಿ ಕಲಿಸಿದ್ದ ನಿಯಮ ಒಂದೇ: ಹಕ್ಕಿ ತಾನಾಗಿ ಸತ್ತಿರಬೇಕು. ಕೊಂದ ಹಕ್ಕಿಯ ತಾಯತ ಗಂಡನನ್ನು ಕರೆಯುವುದಿಲ್ಲ, ಹಿಂದಿರುಗದ ಹಾಗೆ ಓಡಿಸುತ್ತದೆ. ಕವಣೆಯಲ್ಲಿ ಹೊಡೆದ ಹಕ್ಕಿ ಮಾರುವವರನ್ನು ಅವಳು ನಡುಸಂತೆಯಲ್ಲೇ ನೀರಿಳಿಸಿ ಕಳಿಸುತ್ತಿದ್ದಳು. ಅವಳವೆಲ್ಲ ಹಿಮ ಬಿದ್ದ ಮುಂಜಾನೆಗಳಲ್ಲಿ ಹಿತ್ತಲಿನ ಕೆಂಪು ಹೂವಿನ ಪೊದೆಯಲ್ಲಿ ಚಳಿಗೆ ಸತ್ತು ಸಿಕ್ಕವು. ಆ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವೇ ಇತ್ತು.

ಆ ಚಳಿಗಾಲ ಅವಳ ಮಗಳು ನಿಕನೋರ ತುಂಬು ಬಸುರಿಯಾಗಿ ತವರಿಗೆ ಬಂದಳು. ಕಬ್ಬು ಕಡಿಯಲು ಕೆಳನಾಡಿಗೆ ಇಳಿದ ಗಂಡ ಫೊರ್ತಿನೋ ಅಲ್ಲೇ ಇನ್ನೊಬ್ಬಳ ಮನೆ ಸೇರಿದ್ದ. ನಿಕನೋರ ಗೋಡೆಗೆ ಮುಖ ಮಾಡಿ ಮಲಗಿದವಳು ತುತ್ತು ಮುಟ್ಟಲಿಲ್ಲ. ಸೂಲಗಿತ್ತಿ ಬಂದು ಕೈ ಹಿಡಿದು ನೋಡಿ, "ಹೀಗೇ ಉಪವಾಸ ಬಿದ್ರೆ ತಾಯಿನೂ ಉಳಿಯಲ್ಲ, ಕೂಸೂ ಉಳಿಯಲ್ಲ ಕಣಮ್ಮ" ಎಂದು ಹೇಳಿ ಹೋದಳು.

ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಕಸಿಮಿರಾ ಬಿಡುತ್ತಾಳೆಯೇ? "ಊರವರ ಗಂಡಂದಿರನ್ನೆಲ್ಲ ತರಿಸ್ತೀಯ, ನಿನ್ನ ಅಳಿಯನ್ನ ತರಿಸೋಕಾಗಲ್ವಾ ಕೊಮಾದ್ರೆ?" ಎಂದು ಗೆಳತಿಯನ್ನು ಕೆಣಕಿದಳು.

"ಡಬ್ಬಿ ಖಾಲಿ ಇದೆ. ನಿನ್ನ ನಾಲಗೇನ ಸುತ್ತಿ ಕಟ್ಲಾ?" ಎಂದಳು ಎಲ್ಪಿದಿಯಾ. ಮಾತಿಗೇನೋ ಮಾತು ಕೊಟ್ಟಳು, ಮರುದಿನದಿಂದ ಬೆಳಕು ಹರಿಯುವ ಮೊದಲೇ ಎದ್ದು ಪೊದೆ ನೋಡತೊಡಗಿದಳು.

ಅದಾಗಿ ಒಂದು ಮುಂಜಾನೆ ಗಟ್ಟಿ ಹಿಮ ಬಿತ್ತು. ಪೊದೆಯಲ್ಲಿ ಹಕ್ಕಿ ಇತ್ತು. ಹಗಲೆಲ್ಲ ಆ ಹೂಗಳಿಗೆ ಬೇರೆ ಯಾವ ಹಕ್ಕಿ ಬಂದರೂ ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತಿದ್ದ ಜಗಳಗಂಟ ಗಂಡು ಅದು. ಗರಿ ಉಬ್ಬಿಸಿ, ಕೊಕ್ಕು ಮೇಲೆತ್ತಿ, ಕಣ್ಣು ಮುಚ್ಚಿ ಕೂತಿತ್ತು. ಮುಟ್ಟಿದರೆ ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. "ಕೊನೆಗೂ ಸೊಕ್ಕು ಇಳೀತಾ ನಿಂದು?" ಎನ್ನುತ್ತ ಎಲ್ಪಿದಿಯಾ ಎಂದಿನಂತೆ ರೆಂಬೆಯನ್ನು ಬಿಗಿ ಹಿಡಿದಿದ್ದ ಅದರ ಉಗುರುಗಳನ್ನು ಕಡ್ಡಿ ಹಾಕಿ ಒಂದೊಂದಾಗಿ ಬಿಡಿಸಿದಳು, ಒಳಗೆ ಬಂದು ದಾರ ಸುತ್ತಿದಳು.

"ಒಣಗೋ ತನಕ ಕಾಯಕ್ಕಾಗಲ್ಲಮ್ಮ. ಹಾಗೇ ಕಟ್ಟು" ಎಂದಳು ಮಗಳು. ಅವಳು ಬಾಯಿ ಬಿಟ್ಟದ್ದೇ ಹೆಚ್ಚು ಎಂದುಕೊಂಡು ತಾಯಿ ರವಿಕೆಯೊಳಗೆ, ಎರಡು ಮೊಲೆಗಳ ನಡುವೆ, ಬಿಗಿಯಾಗಿ ಕಟ್ಟಿದಳು. ಕಟ್ಟಿ ಒಲೆಯ ಮುಂದೆ ಕೂತು ಜೋಳದ ಹಿಟ್ಟು ತಟ್ಟತೊಡಗಿದಳು.

ಎರಡನೆಯ ರೊಟ್ಟಿ ಕಾವಲಿಯ ಮೇಲಿರುವಾಗ ನಿಕನೋರ ಎದ್ದು ಕೂತಳು.

"ಅಮ್ಮಾ, ಬಡ್ಕೊಳ್ತಿದೆ!"

"ಕೂಸು ಒದೀತಿರಬೇಕು ಕಣೆ."

"ಹೊಟ್ಟೇಲಿ ಅಲ್ಲಮ್ಮ, ಇಲ್ಲಿ. ಮುಟ್ಟಿ ನೋಡು!"

ಎಲ್ಪಿದಿಯಾ ಮುಟ್ಟಿದಳು. ದಾರದ ಕೆಳಗೆ ಬಿಸಿಯಾದದ್ದೇನೋ ಎಣಿಸಲಾಗದ ವೇಗದಲ್ಲಿ ಓಡುತ್ತಿತ್ತು. ರೆಕ್ಕೆ ಬಿಚ್ಚಲು ಹೆಣಗುತ್ತಿತ್ತು.

ಅವಳಿಗೆ ತನ್ನ ತಾಯಿ ಸತ್ತ ದಿನ ನೆನಪಾಯಿತು. ರಾತ್ರಿಯೆಲ್ಲ ತನ್ನ ಕೈಯನ್ನು ಬಿಗಿ ಹಿಡಿದಿದ್ದ ಮುದುಕಿಯ ಬೆರಳುಗಳು ಉಸಿರು ನಿಂತ ಗಳಿಗೆ ತಾವಾಗಿ ಸಡಿಲಿದ್ದವು. ಸತ್ತವರು ಯಾವುದನ್ನೂ ಹಿಡಿದುಕೊಂಡಿರುವುದಿಲ್ಲ. ತಾನು ಇಷ್ಟು ವರ್ಷ ಕಡ್ಡಿ ಹಾಕಿ ಬಿಡಿಸಿದ್ದು ಯಾರ ಉಗುರುಗಳನ್ನು? ಒಲೆಯ ಮೇಲೆ ತೂಗುಹಾಕಿದಾಗ ದಾರ ಒಂದೊಂದು ಸಲ ಮಿಸುಕುತ್ತಿತ್ತು. ಮಾಂಸ ಬಿಗಿಯುವಾಗ ಹಾಗೇ ಎಂದು ತಾಯಿ ಹೇಳಿದ್ದಳು, ಇವಳೂ ನಂಬಿದ್ದಳು. ಚಳಿಗೆ ಹಕ್ಕಿ ಒಡಲಿನ ಬೆಂಕಿಯನ್ನು ಆರುವಷ್ಟು ತಗ್ಗಿಸಿ ಮಲಗಿರುತ್ತದೆ, ಬಿಸಿಲು ಬಂದರೆ ಏಳುತ್ತದೆ ಎಂದು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಬೆಳಗಾಗುವ ಮೊದಲೇ ಅವನ್ನು ಕಿತ್ತು ತಂದವಳು ತಾನೇ. ಡಬ್ಬಿಗಟ್ಟಲೆ ಕೊಂದು, ಗಂಡ ಬರಲೆಂದು ಬಂದ ಹೆಂಗಸರ ಎದೆಗೆಲ್ಲ ಕಟ್ಟಿ ಕಳಿಸಿದ್ದಳು.

"ಫೊರ್ತಿನೋ ಹೊರಟ್ನಮ್ಮ! ಓಡೋಡಿ ಬರ್ತಿದಾನೆ. ಎಷ್ಟು ಜೋರಾಗಿ ಬಡ್ಕೊಳ್ತಿದೆ ನೋಡು" ಎಂದು ನಿಕನೋರ ನಗುತ್ತಿದ್ದಳು. "ಅದೇನು, ರೊಟ್ಟಿನಾ? ಕೊಡು ಒಂದು. ಹಸಿವಾಗ್ತಿದೆ."

ಕತ್ತರಿ ಗೋಡೆಯ ಗೂಡಿನಲ್ಲೇ ಇತ್ತು. ಒಂದು ಗಂಟು ಕತ್ತರಿಸಿದರೆ ಹಕ್ಕಿ ಹೂವಿಗೆ ಹಾರುತ್ತಿತ್ತು, ಮಗಳು ಮತ್ತೆ ಗೋಡೆಗೆ ತಿರುಗುತ್ತಿದ್ದಳು. ಕಟ್ಟಿದ ಹಾಗೇ ಬಿಟ್ಟರೆ ಅದು ಸಾಯುತ್ತದೆ. ತಾನು ನಂಬಿದ ನಿಯಮದ ಪ್ರಕಾರ ಫೊರ್ತಿನೋ ಇನ್ನೆಂದಿಗೂ ಬರುವುದಿಲ್ಲ. ಎಲ್ಪಿದಿಯಾ ರೊಟ್ಟಿಗೆ ಉಪ್ಪು ಸವರಿ, ಬೇಯಿಸಿದ ಕಾಳು ಸುರುವಿ, ಸುರುಳಿ ಸುತ್ತಿ ಮಗಳ ಕೈಗಿಟ್ಟಳು. ಮಗಳು ಗಬಗಬ ತಿಂದಳು. ತಾಯಿ ಇನ್ನೊಂದು ತಟ್ಟಿದಳು. ಹಿಟ್ಟು ಕೈಗೆ ಅಂಟುತ್ತಿತ್ತು, ಕಣ್ಣೀರು ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ಸ್ವಲ್ಪ ಹೊತ್ತಿಗೆ ನಿಕನೋರ ಅಗಿಯುವುದನ್ನು ನಿಲ್ಲಿಸಿ ಎದೆಯ ಮೇಲೆ ಅಂಗೈ ಇಟ್ಟಳು.

"ಅಮ್ಮ, ನಿಂತುಹೋಯ್ತಲ್ಲ?"

"ನಿದ್ದೆ ಮಾಡ್ತಿದೆ ಕಣೆ" ಎಂದಳು ಎಲ್ಪಿದಿಯಾ. "ಎಬ್ಬಿಸಬೇಡ. ತಿನ್ನು."