ಹುಲುಗಪ್ಪ ಕಾಕಾನ ಬುತ್ತಿ

ಅವ್ವ ಅಡುಗೆಮನೆಯಲ್ಲಿ ಗುರೆಳ್ಳು ಹುರಿಯುತ್ತಿದ್ದಾಳೆ. ಹೊಸಪೇಟೆಯ ನಮ್ಮ ಓಣಿಗೆಲ್ಲ ವಾಸನೆ ಹಬ್ಬಿದೆ. ಎದುರುಮನೆಯಾಕೆ ಆಗಲೇ ಬಟ್ಟಲು ತೊಳೆದು ಇಟ್ಟುಕೊಂಡಿರಬೇಕು. ತಿಂಗಳ ಪಿಂಚಣಿ ಬಂತೆಂದರೆ ಅವ್ವನಿಗೆ ಮೊದಲು ನೆನಪಾಗುವುದು ಗುರೆಳ್ಳು ಪುಡಿ. ನನಗೆ ನೆನಪಾಗುವುದು ಬೇರೆ. ಹೇಳುತ್ತೇನೆ ಕೇಳಿ, ಆದರೆ ನನ್ನ ಮುಖ ನೋಡಬೇಡಿ.

ಅಪ್ಪ ಸಂಡೂರಿನ ಗುಡ್ಡದಲ್ಲಿ ಒಂದು ಹಳೆಯ ಗಣಿ ಕಂಪನಿಯ ಫಿಟ್ಟರ್. ಅಲ್ಲಿನ ಶೆಡ್ಡಿನಲ್ಲಿ ಮಧ್ಯಾಹ್ನದ ಊಟಕ್ಕೊಂದು ಪದ್ಧತಿಯಿತ್ತು. ಯಾರೂ ತಮ್ಮ ಬುತ್ತಿಯನ್ನು ತಾವೇ ಉಣ್ಣುವಂತಿರಲಿಲ್ಲ. ಎಲ್ಲರ ರೊಟ್ಟಿ ಒಂದೇ ಬಟ್ಟೆಯ ಮೇಲೆ, ಪಲ್ಯ ಚಟ್ನಿ ನಡುವೆ, ಸುತ್ತ ಗಂಡಸರು. ಅದಿರಿನ ಕೆಂಪು ಧೂಳಿನಲ್ಲಿ ಕೂಡ ಎಲ್ಲರಿಗೂ ಸಮಪಾಲು. ಅವ್ವನ ಪುಡಿಗೆ ಅಲ್ಲಿ ಒಬ್ಬ ಖಾಯಂ ಗಿರಾಕಿ, ಬುಕ್ಕಸಾಗರದ ಹುಲುಗಪ್ಪ ಕಾಕಾ. ಅಪ್ಪನ ಜೀವದ ಗೆಳೆಯ. ಮನೆಗೆ ಬಂದಾಗಲೆಲ್ಲ, "ಅಕ್ಕಾರ, ಪುಡಿ ಜಾಸ್ತಿ ಕಟ್ರಿ. ಇವಾ ಹಂಚೂದ್ರಾಗ ಭಾಳ ಜಿಪುಣ" ಎಂದು ಚಾಡಿ ಹೇಳುತ್ತಿದ್ದ.

ಅದು ಅದಿರಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಟಿಪ್ಪರ್ ಮಾಲೀಕ. ಅಪ್ಪನ ಕಂಪನಿಗೂ ಹೊಸ ಧಣಿ ಬಂದ. ಕೆಲಸಗಾರರಿಗಾಗಿ ಕಂಪನಿಯೇ ನಡೆಸುತ್ತಿದ್ದ ಪಿಂಚಣಿ ಯೋಜನೆಯನ್ನು ಮುಚ್ಚುತ್ತೇನೆಂದ. ಇಷ್ಟು ವರ್ಷ ದುಡಿದ ಪಿಂಚಣಿಯ ಹಕ್ಕನ್ನು ಬಿಟ್ಟುಕೊಟ್ಟರೆ ಒಂದೇ ಸಲಕ್ಕೆ ಇಡಿಗಂಟು ಕೊಡುತ್ತೇನೆ, ಆದರೆ ಎಲ್ಲರೂ ಒಪ್ಪಬೇಕು ಎಂದ. ಕೇಳಿದವರ ಕಣ್ಣ ಮುಂದೆಲ್ಲ ಟಿಪ್ಪರ್ ಬಂದು ನಿಂತಿತು. ಗಾಜಿನ ಮೇಲೆ ನನ್ನ ಹೆಸರು ಬರೆಸುತ್ತೇನೆಂದು ಅಪ್ಪ ಹೇಳಿದ. ನಾನೇನು ಕಡಿಮೆಯವಳೇ? ಅಕ್ಷರ ಹಳದಿ ಇರಲೋ ಹಸಿರು ಇರಲೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡೆ.

ಒಪ್ಪದೆ ಉಳಿದವನು ಹುಲುಗಪ್ಪ ಕಾಕಾ ಒಬ್ಬನೇ. ನಮ್ಮ ಪಡಸಾಲೆಯಲ್ಲೇ ಕೂತು ಅಪ್ಪನಿಗೆ ಹೇಳಿದ.

"ಪಿಂಚಣಿ ಅಂದ್ರ ಗುತ್ತಿಗಿ ಗದ್ದಿ ಇದ್ದಂಗ. ಮುಂದಿನ ವರ್ಷದಿಂದ ಗದ್ದಿ ಕೊಡಂಗಿಲ್ಲ ಅಂತ ಧಣಿ ಅನ್ಲಿ, ಅದು ಅವ್ನ ಮರ್ಜಿ. ಬೆಳದು ನಿಂತ ಭತ್ತ ನಮ್ದಲೇ. ಅದನ್ನ ಹಸೀದಿದ್ದಾಗ ಕೊಯ್ಯಾಕ ಯಾಕ ಬಿಡ್ಬೇಕು?"

"ನಿನ್ನ ಒಬ್ಬನ ಹಟಕ್ಕ ನಾವೆಲ್ಲಾ ಹಾಳಾಗ್ಬೇಕೇನ್ಲೇ?" ಎಂದ ಅಪ್ಪ.

ನಾನು ಎರಡು ಲೋಟ ಚಹಾ ತಂದಿದ್ದೆ. ಒಂದನ್ನು ಅಪ್ಪನ ಮುಂದಿಟ್ಟೆ. ಇನ್ನೊಂದನ್ನು ಹಿಡಿದುಕೊಂಡೇ ಒಳಗೆ ಹೋದೆ. ಕಾಕಾ ನೋಡಿದ. ಆ ಲೋಟ ನೆನಪಾದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಮರುದಿನ ಶೆಡ್ಡಿನಲ್ಲಿ ಕಾಕಾ ಊಟಕ್ಕೆ ಬಂದು ಕೂತ ಕೂಡಲೇ ಉಳಿದವರು ರೊಟ್ಟಿಯ ಬಟ್ಟೆಯನ್ನು ಎತ್ತಿಕೊಂಡು ಬೇರೆ ಮೂಲೆಗೆ ಹೋದರಂತೆ. ಅವನು ತನ್ನ ಬುತ್ತಿ ಬಿಚ್ಚಿ, ಗೋಡೆಯ ಕಡೆ ಮುಖ ಮಾಡಿ ಉಂಡನಂತೆ. ಅಪ್ಪ ಇದನ್ನು ಮನೆಗೆ ಬಂದು ಹೇಳಿ ನಕ್ಕ. ಅವ್ವ ನಗಲಿಲ್ಲ. ನಾನು ನಕ್ಕೆ.

ಕಾಕಾ ರಜೆ ಹಾಕಿ ಹಾಕಿ ಬಳ್ಳಾರಿಗೆ, ಕಾರ್ಮಿಕ ಇಲಾಖೆಯ ಕಚೇರಿಗೆ ಅಲೆದ. ಕೊನೆಗೆ ಒಂದು ತೀರ್ಮಾನವಾಯಿತು. ಯೋಜನೆಯನ್ನು ಮುಂದಕ್ಕೆ ನಿಲ್ಲಿಸಬಹುದು, ಆದರೆ ಆ ದಿನದವರೆಗೆ ದುಡಿದು ಗಳಿಸಿದ ಪಿಂಚಣಿಯನ್ನು ಮುಟ್ಟುವಂತಿಲ್ಲ. ಅದರ ಹಣವನ್ನು ಧಣಿಯ ಕೈಗೆ ಸಿಗದಂತೆ ಬೇರೆ ಇಡಬೇಕು. ಇಡಿಗಂಟು ಹೋಯಿತು, ಅದರ ಜೊತೆ ಟಿಪ್ಪರೂ ಹೋಯಿತು. ಅಪ್ಪ ಕಾಕಾನ ಹೆಸರೆತ್ತಿದರೆ ಉರಿದುಬೀಳುತ್ತಿದ್ದ.

ಆಮೇಲಿನದು ಈ ಕಡೆಯವರಿಗೆಲ್ಲ ಗೊತ್ತು. ಗಣಿಗಳು ಒಂದೊಂದಾಗಿ ನಿಂತವು. ಸಾಲದ ಟಿಪ್ಪರುಗಳು ಟಿ.ಬಿ. ಡ್ಯಾಂ ರಸ್ತೆಯ ಪಕ್ಕ ತುಕ್ಕು ಹಿಡಿದವು. ಅಪ್ಪನ ಕಂಪನಿಯೂ ಬಾಗಿಲು ಹಾಕಿತು, ಬೇರೆ ಇಟ್ಟಿದ್ದ ಹಣದಿಂದ ಪಿಂಚಣಿ ಮಾತ್ರ ತಿಂಗಳು ತಿಂಗಳು ಬರತೊಡಗಿತು. ಆದರೂ ಬಾಗಿಲು ಹಾಕುವ ದಿನದವರೆಗೂ ಕಾಕಾನನ್ನು ಊಟಕ್ಕೆ ಯಾರೂ ಕರೆದಿರಲಿಲ್ಲ. ಮೊದಲು ಸಿಟ್ಟಿಗೆ ಕರೆಯಲಿಲ್ಲ, ಆಮೇಲೆ ನಾಚಿಕೆಗೆ. "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎನ್ನುತ್ತಲೇ ಅಪ್ಪ ತೀರಿಕೊಂಡ. ಈಗ ಅವನ ಪಿಂಚಣಿಯ ಅರ್ಧ ಅವ್ವನಿಗೆ ಬರುತ್ತದೆ. ನಮ್ಮ ಒಲೆ ಉರಿಯುವುದು ಅದರಿಂದಲೇ.

ಹೋದ ತಿಂಗಳು ಧೈರ್ಯ ಮಾಡಿ, ಒಂದು ಡಬ್ಬಿ ಪುಡಿ ಹಿಡಿದು ಬುಕ್ಕಸಾಗರಕ್ಕೆ ಹೋದೆ. ಬಸ್ಸಿನುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡಿದ್ದೆ. ಕಾಕಾ ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಅಕ್ಕಾರ ಕೈ ಪುಡಿ" ಎಂದ. ಜೋಡಿಸಿದ ಮಾತು ಬಿಟ್ಟು ನಾನು, "ನಿನ್ನೆ ಹುರದಿದ್ದು ಕಾಕಾ" ಎಂದೆ. ಅವನು ರೊಟ್ಟಿ ತಂದ. ನಾನು ಎದುರಿಗೆ ಕೂರಲು ಹೋದೆ. ಕಾಕಾ ತಟ್ಟೆ ಹಿಡಿದುಕೊಂಡು ನಿಂತೇ ಇದ್ದ.

"ತಪ್ಪು ತಿಳೀಬ್ಯಾಡವ್ವ. ಎದುರಿಗೆ ಯಾರಾರ ಕುಂತ್ರ ನನಗ ತುತ್ತು ಇಳಿಯಂಗಿಲ್ಲ. ಮನ್ಯಾಗೂ ಹಂಗ. ರೂಢಿ ಆಗಿಬಿಟ್ಟೈತಿ."

ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗೆ ಅವನು ಗೋಡೆಯ ಕಡೆ ತಿರುಗಿ ಉಂಡ. ಮನೆಗೆ ಬಂದಾಗ ಅವ್ವ, "ಉಂಡನೇನು?" ಎಂದಳು. "ಉಂಡ" ಎಂದೆ.

ಈಗ ಅವ್ವ ಒಳಗಿನಿಂದ ಕೂಗುತ್ತಿದ್ದಾಳೆ. "ಡಬ್ಬಿ ತಗೊಂಬಾ, ಬುಕ್ಕಸಾಗರದ್ದು ಮೊದ್ಲು ತುಂಬ್ತೀನಿ." ಡಬ್ಬಿಯ ಜೊತೆ ಈ ಸಲ ನನ್ನ ರೊಟ್ಟಿಯನ್ನೂ ಕಟ್ಟಿಕೊಂಡಿದ್ದೇನೆ. ಕಾಕಾ ಗೋಡೆಗೆ ಮುಖ ಮಾಡಿ ಉಣ್ಣಲಿ. ನಾನು ಕಟ್ಟೆಯ ಮೇಲೆ ಕೂತು, ಬೀದಿಗೆ ಮುಖ ಮಾಡಿ, ಅವನು ಉಣ್ಣುವ ಹೊತ್ತಿಗೇ ಉಣ್ಣುತ್ತೇನೆ.