ಸುಟ್ಟ ಚಿಪ್ಪು, ಅಕ್ಕನ ಬಲಗಣ್ಣು

ನಾನು ಚಿಕ್ಕವನಿದ್ದಾಗ ಹೊಳನಗದ್ದೆಯ ನಮ್ಮ ಮನೆಯ ಹಿಂದೆ ಸುಣ್ಣದ ಗೂಡಿತ್ತು. ಅಳಿವೆಯಿಂದ ತಂದ ಚಿಪ್ಪನ್ನು ಅಪ್ಪ ಇದ್ದಿಲಿನೊಡನೆ ಗೂಡಿಗೆ ತುಂಬಿ ಸುಡುತ್ತಿದ್ದ. ಅಕ್ಕ ಗಾಳಿ ಊದುವ ಚಕ್ರ ತಿರುಗಿಸುತ್ತಿದ್ದಳು. ಹೊಗೆಗೂ ಸಮುದ್ರದ ವಾಸನೆ. ಸುಟ್ಟ ಚಿಪ್ಪನ್ನು ನೆಲದ ಮೇಲೆ ಹರಡಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಅಂಗೈಯಿಂದ ನೀರು ಚಿಮುಕಿಸಬೇಕು. ಅದು ಬುಸ್ಸೆಂದು ಅರಳಿ ಬಿಳಿ ಹುಡಿಯಾಗುತ್ತಿತ್ತು. ಪಾತ್ರೆಯಲ್ಲಿಟ್ಟು ನೀರು ಹಾಕಬಾರದು ಎಂಬುದು ಅಪ್ಪನ ಕಟ್ಟಪ್ಪಣೆ.

ಆ ವರ್ಷ ನಾನು ಎಂಟನೆಯ ತರಗತಿ. ಇದ್ದಿಲು ಗಾಳಿಯೊಡನೆ ಸೇರಿ ಉರಿಯುವುದು ದಹನ, ಆ ಕಾವಿಗೆ ಚಿಪ್ಪು ಅನಿಲ ಬಿಡುವುದು ವಿಭಜನೆ, ಸುಟ್ಟ ಚಿಪ್ಪು ನೀರಿನೊಡನೆ ಕೂಡುವುದು ಸಂಯೋಗ ಎಂದು ಮಾಸ್ತರರು ಹೇಳಿಕೊಟ್ಟಿದ್ದರು. ನಮ್ಮ ಹಿತ್ತಿಲೇ ಪಾಠವಾಯಿತೆಂದು ನನಗೆ ಜಂಭ. ಅಪ್ಪ ಕುಮಟಾ ಪೇಟೆಗೆ ಹೋದ ಒಂದು ಮಧ್ಯಾಹ್ನ ನಾನು ತಗಡಿನ ಡಬ್ಬಿಗೆ ಸುಟ್ಟ ಚಿಪ್ಪು ತುಂಬಿದೆ.

“ಅಕ್ಕಾ, ಬೆಂಕಿ ಇಲ್ದೇ ನೀರು ಕುದಿಸ್ತೆ, ಬಾ ನೋಡು!”

“ನೀ ಎಂತ ದೊಡ್ಡ ಮಾಸ್ತರನಾ? ಅಪ್ಪ ಬಂದ್ರೆ ಬೆನ್ನು ಹುಡಿ ಆಗ್ತದೆ,” ಎಂದು ನಗುತ್ತಲೇ ಬಂದಳು.

ಆವಿಗೆ ಮುಚ್ಚಳ ಕುಣಿಯುವುದನ್ನು ತೋರಿಸುವ ಆಸೆ ನನಗೆ. ನೀರು ಸುರಿದು ಮುಚ್ಚಳ ಒತ್ತಿದೆ. ಡಬ್ಬಿ ಬಿಸಿಯಾಯಿತು, ಸದ್ದಿಲ್ಲ. “ಎಂತದೂ ಆಗ್ಲಿಲ್ಲ ಮಾರಾಯಾ” ಎಂದು ಅಕ್ಕ ಬಗ್ಗಿದಳು. ಮುಚ್ಚಳ ಸಿಡಿಯಿತು. ಕುದಿಯುವ ಸುಣ್ಣ ಅವಳ ಮುಖಕ್ಕೆ ರಾಚಿತು.

ಬಾವಿಯ ನೀರು ಸೇದಿ ಸೇದಿ ಹುಯ್ದೆ. ನೆರೆಯವರು ಅವಳನ್ನು ಆಸ್ಪತ್ರೆಗೆ ಒಯ್ದರು. ಸಂಜೆ ಆಸ್ಪತ್ರೆಗೆ ಓಡಿಬಂದ ಅಪ್ಪ, “ಯಾರು ಮಾಡಿದ್ದು ಇದು?” ಎಂದು ಕೇಳಿದ. ನಾನು ನೆಲ ನೋಡಿದೆ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಅಕ್ಕ, “ನಾನೇ ಅಪ್ಪಾ. ತಮ್ಮ ಅಲ್ಲಿ ಇರ್ಲೇ ಇಲ್ಲ” ಎಂದಳು.

“ಗೂಡಿನ ಹತ್ರವೇ ಬೆಳೆದವಳು, ಇಷ್ಟೂ ಬುದ್ಧಿ ಇಲ್ವನೇ ನಿಂಗೆ?” ಎಂದು ಅಪ್ಪ ಅವಳಿಗೇ ಬೈದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಅವಳ ಬಲಗಣ್ಣು ಮತ್ತೆ ಕಾಣಲಿಲ್ಲ. ಅದು ಅವಳದೇ ತಪ್ಪೆಂದು ನಂಬಿಕೊಂಡೇ ಅಪ್ಪ ತೀರಿಹೋದ. ಹೋದ ವರ್ಷ ಅಕ್ಕನೂ ಹೋದಳು. ಅವಳೆದುರು ಒಮ್ಮೆಯೂ ನಾನು ‘ತಪ್ಪಾತು’ ಎನ್ನಲಿಲ್ಲ.

ಮಕ್ಕಳೇ, ಈಗ ಗೋಡೆಗೆ ಬಣ್ಣ ಬಕೆಟ್ಟಿನಲ್ಲಿ ಬರುತ್ತದೆ. ಪ್ರಯೋಗಕ್ಕೆ ನಿಲ್ಲುವ ಮೊದಲು ನಿಮ್ಮ ಶಾಲೆಯಲ್ಲಿ ಕನ್ನಡಕ ಹಾಕಿಸುತ್ತಾರೆ. ಮೊನ್ನೆ ನಿಮ್ಮಲ್ಲೊಬ್ಬಳು ಬಂದು, “ಅಜ್ಜಾ, ಲ್ಯಾಬಿನ ಗಾಜಿನ ನಳಿಕೆ ನನ್ನ ಕೈಯಿಂದ ಒಡೀತು, ನಾನೇ ಅಂತ ಟೀಚರಿಗೆ ಹೇಳಿ ಬಂದೆ” ಎಂದಳು. ನಾನು ತಟ್ಟನೆ ಎದ್ದುಹೋದದ್ದನ್ನು ಕೋಪವೆಂದುಕೊಂಡಳು. ಕೋಪವಲ್ಲ ಮಗಳೇ. ‘ನಾನೇ’ ಎಂಬುದು ಎಷ್ಟು ಸಣ್ಣ ಮಾತು ಎಂದು ನನಗೆ ಮೊನ್ನೆಯಷ್ಟೇ ತಿಳಿದದ್ದು.