ಹಡಗಿಗೂ ದಡಕ್ಕೂ ನಡುವೆ ತಾರುಸಿಲಾ

ಬೆಳಗಿನ ಐದೂವರೆ. ಹವಳದ ದಿಬ್ಬದಾಚೆ ಹಡಗು ಬಂದು ನಿಂತು ಒಮ್ಮೆ ಕೂಗಿದೆ. ತಾರುಸಿಲಾ ಕೋರೋವೌ ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು, ದೋಣಿಯ ಎಂಜಿನ್ನಿನ ಪ್ಲಗ್ ಬಿಚ್ಚಿ, ಒರೆಸಿ, ಬಾಯಿಂದ ಊದಿ ಮತ್ತೆ ತಿರುಗಿಸುತ್ತಿದ್ದಾರೆ. "ನಿನ್ನೆ ಸಂಜೆ ಚೆನ್ನಾಗೇ ಇದ್ಯಲ್ಲ, ಇವತ್ತೇನು ಮುನಿಸು?" ಎಂದು ಎಂಜಿನ್ನನ್ನೇ ಕೇಳುತ್ತಾರೆ. ಮೂರನೆಯ ಎಳೆತಕ್ಕೆ ಅದು ಕೆಮ್ಮಿ, ಹೊಗೆ ಉಗುಳಿ ಶುರುವಾಗುತ್ತದೆ.

ದೋಣಿಯ ಮುಂಭಾಗದಲ್ಲಿ ಬಿದಿರಿನ ಗಳ ಹಿಡಿದು ನಿಂತವರು ನೆರೆಮನೆಯ ಮೊಸೆಸೆ. ಅರವತ್ತು ದಾಟಿದ ಭಾರೀ ಆಳು. ದಡದ ಕರಿಬಂಡೆಯ ಮೇಲೆ, ಕೋಲಿಗೆ ಹಳದಿ ಬಟ್ಟೆ ಕಟ್ಟಿಕೊಂಡು ನಿಂತವರು ತಾರುಸಿಲಾ ಅವರ ಗಂಡ ಇನೋಕೆ. ದಿಬ್ಬದಲ್ಲಿ ಹಾದುಹೋಗಲು ಇರುವುದು ಒಂದೇ ಕಂಡಿ, ಎರಡು ದೋಣಿ ಅಕ್ಕಪಕ್ಕ ಹೋಗಲಾರದಷ್ಟು ಕಿರಿದು. ದೊಡ್ಡ ಅಲೆಗಳ ಸಾಲು ಯಾವಾಗ ಬರುತ್ತದೆ, ಯಾವಾಗ ಮುಗಿಯುತ್ತದೆ ಎನ್ನುವುದು ನೀರಿನ ಮಟ್ಟದಲ್ಲಿ ಕೂತವರಿಗೆ ಕಾಣುವುದಿಲ್ಲ. ಬಂಡೆಯ ಮೇಲಿನವರಿಗೆ ಕಾಣುತ್ತದೆ. ಬಟ್ಟೆ ಮೇಲಿದ್ದರೆ ನಿಲ್ಲಬೇಕು, ಕೆಳಗೆ ಬಿದ್ದರೆ ನುಗ್ಗಬೇಕು.

"ಏ ಮುದುಕಾ, ನಿದ್ದೆ ಹೋದ್ಯಾ?" ತಾರುಸಿಲಾ ದೋಣಿಯಿಂದ ಕೂಗುತ್ತಾರೆ.

"ಬಾಯಿ ಮುಚ್ಕೊಂಡು ಎಂಜಿನ್ ಹಿಡ್ಕೊಳ್ಳೇ ಬೆಟ್ಟದವಳೇ! ಇನ್ನೂ ಎರಡು ಅಲೆ ಇದೆ."

ಎರಡು ಅಲೆ ಒಡೆಯುತ್ತವೆ. ಬಟ್ಟೆ ಕೆಳಗೆ ಬೀಳುತ್ತದೆ. ದೋಣಿ ಬಾಲ ತಗ್ಗಿಸಿ, ಮೂತಿ ಎತ್ತಿ, ಕಂಡಿಯೊಳಗೆ ನುಗ್ಗಿ ಆಚೆ ನೀಲಿ ನೀರಿಗೆ ಹೋಗಿ ಬೀಳುತ್ತದೆ. ಇದು ಇವತ್ತಿನ ಮೊದಲ ಸುತ್ತು. ಇನ್ನು ಹನ್ನೆರಡು ಸುತ್ತು ಬಾಕಿ.

ಹಡಗಿನ ಬದಿಗೆ ಬಂದೊಡನೆ ಮೇಲಿನಿಂದ ಬೈಗುಳ ಸುರಿಯುತ್ತದೆ. ಸಾಮಾನು ಇಳಿಸುವವರ ಮುಖ್ಯಸ್ಥ ಸಕೆಯಾಸಿ ಕಂದಾವು ದ್ವೀಪದವನು. ಕಂದಾವಿನವರಿಗೂ ನಮ್ಮ ಯಾಸಿಲೆವು ದ್ವೀಪದವರಿಗೂ ಮುತ್ತಜ್ಜಂದಿರ ಕಾಲದಿಂದ ಗೇಲಿಯ ನಂಟು. ಎದುರು ಸಿಕ್ಕಾಗ ಬೈಯದಿದ್ದರೆ ಮರ್ಯಾದೆ ಕೊಟ್ಟಂತಾಗುವುದಿಲ್ಲ.

"ಬಂದ್ಯಾ? ನಾವು ಊಟ ಮಾಡಿ, ಮಲಗಿ, ಎದ್ದು, ಮುಖ ತೊಳೆದಾಯ್ತು. ನಿಮ್ಮೂರಲ್ಲಿ ಆಮೆಗಳೇ ದೋಣಿ ನಡೆಸೋದಾ?"

"ಆಮೆಗಾದ್ರೂ ಈಜು ಬರುತ್ತೆ. ನಿಮ್ಮೂರ ಗಂಡಸರು ಸ್ನಾನಕ್ಕೂ ಹಗ್ಗ ಕಟ್ಕೊಂಡು ಇಳೀತಾರಂತಲ್ಲ!"

"ನೀನು ಬೆಟ್ಟದ ಹೆಂಗಸು. ನಮ್ಮ ಜಗಳದಲ್ಲಿ ನಿನಗೇನು ಕೆಲಸ?"

"ಮದುವೆ ಆದಾಗ ಗಂಡನ ಜೊತೆ ಜಗಳಾನೂ ಕೊಟ್ರು. ಅಕ್ಕಿ ಇಳಿಸು, ಮಾತು ಸಾಕು."

ನಗುತ್ತಲೇ ಅಕ್ಕಿ ಮೂಟೆ ಇಳಿಯುತ್ತದೆ. ಹಡಗು ಅಲೆಯ ಮೇಲೆ ಏರುತ್ತದೆ, ದೋಣಿ ಇಳಿಯುತ್ತದೆ. ದೋಣಿ ಏರುತ್ತದೆ, ಹಡಗು ಇಳಿಯುತ್ತದೆ. ಎರಡೂ ಒಂದೇ ಮಟ್ಟಕ್ಕೆ ಬರುವ ಆ ಒಂದು ಗಳಿಗೆಯಲ್ಲಿ ಮೂಟೆಯಾಗಲಿ ಮನುಷ್ಯರಾಗಲಿ ದಾಟಬೇಕು. ಮೊಸೆಸೆ ಹಿಡಿಯುತ್ತಾರೆ, ತಾರುಸಿಲಾ ದೋಣಿಯನ್ನು ಹಡಗಿನ ಬದಿಗೆ ತಾಗಿಯೂ ತಾಗದಂತೆ ನಿಲ್ಲಿಸುತ್ತಾರೆ. ನೋಡುವವರಿಗೆ ಆಟದಂತೆ ಕಾಣುತ್ತದೆ.

ಯಾಸಿಲೆವುವಿನಲ್ಲಿ ಹಡಗು ಬಂದು ತಾಗಲು ಜೆಟ್ಟಿ ಇಲ್ಲ. ಹಡಗು ಬರುವುದು ತಿಂಗಳಿಗೊಮ್ಮೆ, ಕೆಲವೊಮ್ಮೆ ಆರು ವಾರಕ್ಕೊಮ್ಮೆ. ನೂರಾ ಎಂಬತ್ತು ಜನರ ಈ ಊರಿಗೆ ಏನು ಬಂದರೂ ತಾರುಸಿಲಾ ಅವರ ದೋಣಿಯಲ್ಲೇ ಬರಬೇಕು. ಒಂದು ಸುತ್ತಿಗೆ ಎಂಟು ಜನ ಅಥವಾ ಹದಿನೈದು ಮೂಟೆ. ಇಂಧನದ ಪೀಪಾಯಿಗಳನ್ನು ದೋಣಿಗೆ ಹತ್ತಿಸುವುದಿಲ್ಲ. ಸಮುದ್ರಕ್ಕೆ ಉರುಳಿಸಿ, ಹಗ್ಗ ಕಟ್ಟಿ, ಬಾತುಕೋಳಿ ಮರಿಗಳ ಹಾಗೆ ಸಾಲಾಗಿ ಎಳೆದು ತರುತ್ತಾರೆ. ಶಾಲೆಯ ಕಪ್ಪುಹಲಗೆ, ಚರ್ಚಿನ ಗಂಟೆ, ಹಂದಿಮರಿ, ಮೂರಂತಸ್ತಿನ ಮದುವೆ ಕೇಕು, ಹೆರಿಗೆಗೆಂದು ರಾಜಧಾನಿ ಸುವಾಕ್ಕೆ ಹೋಗಿ ಕೂಸಿನೊಂದಿಗೆ ಮರಳುವ ತಾಯಿ, ಎಲ್ಲವೂ ಆ ಕಂಡಿ ದಾಟಿದ್ದು ಆಕೆಯ ಕೈಯಲ್ಲಿ. ಹದಿನೇಳು ವರ್ಷಗಳಲ್ಲಿ ಸಮುದ್ರದ ಪಾಲಾದದ್ದು ನಾಲ್ಕು ಕೋಳಿ, ಒಂದು ಹೊಲಿಗೆ ಯಂತ್ರ ಮತ್ತು ಪಾದ್ರಿಯವರ ಕನ್ನಡಕ. ಮನುಷ್ಯರು ಒಬ್ಬರೂ ಇಲ್ಲ.

ನಾನೂ ಹೀಗೆ ಬಂದವಳೇ. ಹನ್ನೊಂದು ವರ್ಷಗಳ ಹಿಂದೆ, ಲಬಾಸಾದ ಕಬ್ಬಿನ ಗದ್ದೆಗಳ ನಡುವೆ ಬೆಳೆದು, ಈಜು ಬಾರದೆ, ಈ ಊರಿನ ಭಾಷೆಯ ಎರಡು ಮಾತಷ್ಟೇ ಕಲಿತು ಶಾಲೆಗೆ ಟೀಚರಾಗಿ ಬಂದೆ. ಹಡಗಿನ ಹಗ್ಗದೇಣಿಯ ಕೊನೆಯಲ್ಲಿ ಪೆಟ್ಟಿಗೆ ತಬ್ಬಿಕೊಂಡು ನೇತಾಡುತ್ತಿದ್ದವಳಿಗೆ ಕೆಳಗಿನಿಂದ ಒಂದು ದನಿ ಹೇಳಿತು: "ಪೆಟ್ಟಿಗೆ ಬಿಟ್ಟು ಕೈ ಕೊಡಮ್ಮಾ. ಪೆಟ್ಟಿಗೆ ತೇಲುತ್ತೆ. ನೀನು ತೇಲ್ತೀಯೋ ಇಲ್ವೋ ಗೊತ್ತಿಲ್ಲ." ದಡದಲ್ಲಿ ಊರಿಗೆ ಊರೇ ಹಾಡುತ್ತಿತ್ತು. ಕೊರಳಿಗೆ ಹೂಹಾರ, ಕೈಗೆ ಎಳನೀರು, ಕೂರಲು ಹೊಸ ಚಾಪೆ. ಅಂದೇ ಸಂಜೆ ಒಂದು ಮನೆಯವರು ನನ್ನನ್ನು ಮಗಳೆಂದು ಕರೆದರು. ಇವತ್ತಿಗೂ ಹಾಗೇ ಕರೆಯುತ್ತಾರೆ. ಆದರೆ ಆ ಸ್ವಾಗತದಲ್ಲೆಲ್ಲೂ ತಾರುಸಿಲಾ ಇರಲಿಲ್ಲವೆಂದು ನನಗೆ ಹೊಳೆದದ್ದು ವರ್ಷಗಳ ನಂತರ. ಆಕೆ ಆಗ ಮುಂದಿನ ಸುತ್ತಿಗೆ ಹೋಗಿದ್ದರು.

ಐವತ್ತನಾಲ್ಕರ ತಾರುಸಿಲಾ ಹುಟ್ಟಿದ್ದು ಸುವಾ ಇರುವ ದೊಡ್ಡ ದ್ವೀಪದ ಒಳನಾಡಿನಲ್ಲಿ, ನೈತಾಸಿರಿಯ ಗುಡ್ಡಗಳ ಮೇಲೆ. ಇಪ್ಪತ್ತಮೂರರ ತನಕ ಸಮುದ್ರವನ್ನು ದೂರದಿಂದ ಎರಡು ಸಲ ನೋಡಿದ್ದರಂತೆ. ಸುವಾ ಪೇಟೆಯಲ್ಲಿ ಕೆಸುವಿನ ಗೆಡ್ಡೆ ಮಾರುವಾಗ ಇನೋಕೆಯ ಪರಿಚಯವಾಯಿತು. "ತೂಕ ಸರಿಯಿಲ್ಲ ಅಂತ ಜಗಳ ಮಾಡ್ದ. ಮಾರನೇ ದಿನ ಮತ್ತೆ ಬಂದು ಮತ್ತೆ ಜಗಳ ಮಾಡ್ದ. ಒಬ್ಬನೇ ಮನುಷ್ಯ ದಿನಾ ಅಷ್ಟು ಗೆಡ್ಡೆ ತಿನ್ನಲ್ಲ ಅಂತ ಗೊತ್ತಾಯ್ತು ನನಗೆ" ಎನ್ನುತ್ತಾರೆ.

ಮದುಮಗಳಾಗಿ ಬಂದವರಿಗೆ ಈಜು ಕಲಿಸಿದವರು ಊರಿನ ಹೆಂಗಸರು. ನೀರಿಗಿಳಿಸಿ, ಸುತ್ತ ನಿಂತು, ನಕ್ಕು ನಕ್ಕು ಕಲಿಸಿದರು. "ಒಬ್ಬಳು ಹೊಟ್ಟೆ ಕೆಳಗೆ ಕೈ ಕೊಡೋಳು, ಇನ್ನೊಬ್ಬಳು ಕಾಲು ಬಡಿ ಅನ್ನೋಳು, ನಮ್ಮತ್ತೆ ದಡದಲ್ಲಿ ಕೂತು, ಹೋಗ್ಲಿ ಬಿಡ್ರೇ, ಮುಳುಗಿದ್ರೆ ಮೀನಾದ್ರೂ ಬರುತ್ತೆ ಅನ್ನೋಳು. ನಾಲ್ಕು ತಿಂಗಳು ಹೀಗೇ. ಬೇರೆ ಊರಾಗಿದ್ರೆ ಇವಳ ಕೈಲಾಗಲ್ಲ ಅಂತ ಮನೇಲಿ ಕೂರಿಸ್ತಿದ್ರು."

ಆಗ ದೋಣಿ ನಡೆಸುತ್ತಿದ್ದವರು ಇನೋಕೆ. ಹದಿನೇಳು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹಡಗಿನ ಏಣಿಯ ಬುಡದಲ್ಲಿ, ಮುದುಕರೊಬ್ಬರನ್ನು ಇಳಿಸಿಕೊಳ್ಳುವಾಗ, ದೋಣಿಗೂ ಹಡಗಿಗೂ ನಡುವೆ ಅವರ ಬಲಗೈ ಸಿಕ್ಕಿಕೊಂಡಿತು. ಮುದುಕರು ಉಳಿದರು. ಕೈ ಇದೆ, ಆದರೆ ಹೆಗಲಿನಿಂದ ಕೆಳಗೆ ಶಕ್ತಿ ಇಲ್ಲ. ಮುಂದಿನ ತಿಂಗಳು ಹಡಗು ಬಂದಾಗ ದೋಣಿಗೆ ಯಾರು ಎಂಬ ಪ್ರಶ್ನೆ ಎದ್ದಿತು. ಊರಿನ ಸಭೆಯಲ್ಲಿ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಇನೋಕೆ ಹೇಳಿದರಂತೆ: "ನಮ್ಮವಳು ಮೂರು ವರ್ಷದಿಂದ ನನ್ನ ಜೊತೆ ಮೀನಿಗೆ ಬರ್ತಾ ಇದಾಳೆ. ಎಂಜಿನ್ ನನಗಿಂತ ಚೆನ್ನಾಗಿ ಅವಳ ಮಾತು ಕೇಳುತ್ತೆ. ಅಲೆ ನಾನು ನೋಡ್ತೀನಿ." ಅಂದಿನಿಂದ ಇಬ್ಬರದೂ ಈ ಜೋಡಿ ಕೆಲಸ.

ಹೆಂಗಸಿನ ದೋಣಿಗೆ ಇಳಿಯುವುದಿಲ್ಲ ಎಂದು ಹಟ ಹಿಡಿದ ಪ್ರಯಾಣಿಕರು ಶುರುವಿನಲ್ಲಿ ಇದ್ದರು. ಅವರನ್ನು ಬಲವಂತ ಮಾಡುವ ಗೋಜಿಗೆ ಆಕೆ ಹೋಗುತ್ತಿರಲಿಲ್ಲ. "ಸರಿ ಸ್ವಾಮಿ, ಈಜ್ಕೊಂಡು ಬನ್ನಿ, ನಾನು ನಿಮ್ಮ ಚಪ್ಪಲಿ ತರ್ತೀನಿ" ಎನ್ನುತ್ತಿದ್ದರಂತೆ. ಊರು ಆಕೆಗೆ ಸಂಬಳ ಕೊಡುವುದಿಲ್ಲ. ಆದರೆ ಮನೆಯ ಮರಗೆಣಸಿನ ತೋಟದಲ್ಲಿ ಕಳೆ ಕಾಣಿಸಿದರೆ ಅದನ್ನು ಯಾರು ಕಿತ್ತರು ಎಂದು ಆಕೆಗೂ ಗೊತ್ತಾಗುವುದಿಲ್ಲ.

ಕಳೆದ ಡಿಸೆಂಬರಿನ ಸಂಗತಿ ಹೇಳದೆ ಈ ಲೇಖನ ಮುಗಿಸಲಾರೆ. ಕ್ರಿಸ್‌ಮಸ್‌ಗೆ ಎರಡೇ ದಿನ. ಹಡಗಿನಲ್ಲಿ ನಮ್ಮೂರಿನ ಮೂವತ್ತೇಳು ಜನ, ಜೊತೆಗೆ ಹೊಸ ನರ್ಸ್ ಸಲೋತೆ. ಐದು ತಿಂಗಳಿನಿಂದ ನಮ್ಮ ಆರೋಗ್ಯ ಕೇಂದ್ರದ ಬಾಗಿಲು ಮುಚ್ಚಿತ್ತು. ಮೂವರು ಬಸುರಿಯರಿದ್ದರು. ದಡದಲ್ಲಿ ಬೆಳಿಗ್ಗೆಯೇ ಗುಂಡಿ ತೋಡಿ, ಕಲ್ಲು ಕಾಯಿಸಿ, ಹಂದಿಮಾಂಸ, ಮೀನು, ದೀವಿ ಹಲಸು ಎಲ್ಲವನ್ನೂ ಎಲೆಯಲ್ಲಿ ಸುತ್ತಿ ಬೇಯಲು ಮುಚ್ಚಿದ್ದರು. ತೆಂಕಣ ದಿಕ್ಕಿನಿಂದ ಎದ್ದ ಅಲೆ ಮಾತ್ರ ಹಬ್ಬವನ್ನು ಲೆಕ್ಕಿಸಲಿಲ್ಲ.

ಕಪ್ತಾನ ವೈರ್‌ಲೆಸ್‌ನಲ್ಲಿ ಹೇಳಿದ: "ಒಂದು ಗಂಟೆ ನಿಲ್ತೀನಿ. ಆಮೇಲೆ ಮುಂದಿನ ದ್ವೀಪಕ್ಕೆ. ಉಳಿದವರನ್ನ ಹತ್ತು ದಿನ ಬಿಟ್ಟು ತಂದು ಬಿಡ್ತೀನಿ."

ತಾರುಸಿಲಾ ಕಂಡಿ ದಾಟಿದರು. ಒಂದು, ಎರಡು, ಮೂರು, ನಾಲ್ಕು ಸುತ್ತು. ಬಂಡೆಯ ಮೇಲೆ ಇನೋಕೆ ಎಡಗೈಯಲ್ಲೇ ಕೋಲು ಹಿಡಿದು, ದನಿ ಒಡೆಯುವ ತನಕ ಕೂಗಿದರು. ದಡದಲ್ಲಿ ಹಾಡುವವರು ಹಾಡು ನಿಲ್ಲಿಸಿ ಪ್ರಾರ್ಥನೆಗೆ ತೊಡಗಿದ್ದರು. ಐದನೆಯ ಸುತ್ತಿಗೆ ಉಳಿದದ್ದು ಐದು ಜನ ಊರಿನವರು ಮತ್ತು ನರ್ಸ್. ಐದು ಜನ ಇಳಿದರು. ಇಪ್ಪತ್ತನಾಲ್ಕರ ಹುಡುಗಿ ಸಲೋತೆ ಏಣಿಯ ಮೇಲ್ತುದಿ ಹಿಡಿದು ನಿಂತುಬಿಟ್ಟಳು.

"ಬಾ ಮಗಳೇ, ಈಗ ಬಾ!"

ಬರಲಿಲ್ಲ. ಎರಡು ಸಲ ದೋಣಿ ಮೇಲೆ ಬಂತು, ಎರಡು ಸಲ ಇಳಿಯಿತು. "ನನ್ನ ಕೈಲಾಗಲ್ಲ. ನಾನು ಇದೇ ಹಡಗಲ್ಲಿ ವಾಪಸ್ ಹೋಗ್ತೀನಿ" ಎಂದು ಅವಳು ಅಳತೊಡಗಿದಳು. ಮೇಲೆ ಕಪ್ತಾನ ಗಡಿಯಾರ ನೋಡುತ್ತಿದ್ದ.

ತಾರುಸಿಲಾ ಎಂಜಿನ್ನಿನ ಹಿಡಿಯನ್ನು ಮೊಸೆಸೆಗೆ ಕೊಟ್ಟು, ಅಲೆ ಏರಿದಾಗ ಏಣಿ ಹಿಡಿದು ತಾವೇ ಹಡಗು ಹತ್ತಿದರು. ಸಕೆಯಾಸಿ ಮೇಲಿನಿಂದ ಕಿರುಚಿದ: "ಹುಚ್ಚಿ! ನೀನ್ಯಾಕೆ ಹತ್ತಿದ್ದು?"

"ನಿನ್ನ ಮುಖ ಹತ್ತಿರದಿಂದ ನೋಡೋಣ ಅಂತ. ದೂರದಿಂದಲೇ ವಾಸಿ ಇತ್ತು."

ಸಲೋತೆಯ ಪಕ್ಕ ಈರುಳ್ಳಿ ಮೂಟೆಯ ಮೇಲೆ ಕೂತರು. ಅವಳ ಊರು, ತಾಯಿ, ತಮ್ಮಂದಿರು, ಎಲ್ಲ ವಿಚಾರಿಸಿದರು. ಸಮುದ್ರದ ಮಾತೇ ಎತ್ತಲಿಲ್ಲ. ಆಮೇಲೆ ಕೈ ಚಾಚಿ, "ಹಿಡ್ಕೋ, ಒಟ್ಟಿಗೆ ಹೋಗೋಣ" ಎಂದರು. ಸಕೆಯಾಸಿ ಅಷ್ಟೂ ಹೊತ್ತು ಬೆನ್ನು ತಿರುಗಿಸಿ, ಕಪ್ತಾನನಿಗೆ ಕಾಣದಂತೆ ಅಡ್ಡ ನಿಂತು, ಸಾಮಾನು ಇನ್ನೂ ಬಾಕಿ ಇದೆಯೆಂದು ಸುಳ್ಳು ಹೇಳುತ್ತಿದ್ದ. ಮುಂದಿನ ಅಲೆಗೆ ಇಬ್ಬರೂ ಕೈ ಹಿಡಿದುಕೊಂಡೇ ಏಣಿ ಇಳಿದರು. ಮೊಸೆಸೆ ಎಂಜಿನ್ನಿನ ಹಿಡಿಯನ್ನು ಪಕ್ಕದವರಿಗೆ ಕೊಟ್ಟು ಇಬ್ಬರನ್ನೂ ಒಟ್ಟಿಗೆ ತಬ್ಬಿ ಹಿಡಿದರು. ದಡ ಮುಟ್ಟಿದಾಗ ಎದ್ದ ಕೇಕೆ ಹಡಗಿಗೂ ಕೇಳಿಸಿತಂತೆ. ಹಡಗು ಮೂರು ಸಲ ಕೂಗಿ ಹೊರಟಿತು.

ಸಲೋತೆ ಈಗ ನಮ್ಮೂರಿನವಳೇ. ಡಿಸೆಂಬರಿನಿಂದ ಈಚೆಗೆ ಎರಡು ಹೆರಿಗೆ ಮಾಡಿಸಿದ್ದಾಳೆ. ಮೊನ್ನೆ ಕೇಂದ್ರದ ಜಗುಲಿಯಲ್ಲಿ ಅವಳನ್ನು ಕೇಳಿದೆ: "ಅವತ್ತು ಹೇಗೆ ಧೈರ್ಯ ಬಂತು?"

ಅವಳು ನಕ್ಕಳು. "ಅವರ ಕೈ ಹಿಡಿದೆನಲ್ಲ ಟೀಚರ್, ನನ್ನ ಕೈಗಿಂತ ಜಾಸ್ತಿ ನಡುಗ್ತಾ ಇತ್ತು. ಇಷ್ಟು ಹೆದರಿಕೊಂಡೂ ಮೇಲೆ ಹತ್ತಿ ಬಂದಿದಾರಲ್ಲ ಅನ್ನಿಸ್ತು. ಆಮೇಲೆ ನಿಲ್ಲೋಕೆ ನಾಚಿಕೆ ಆಯ್ತು."

ಈ ಮಾತನ್ನು ತಾರುಸಿಲಾಗೆ ಮುಟ್ಟಿಸಿದಾಗ ಅವರು ತೆಂಗಿನಕಾಯಿ ತುರಿಯುತ್ತಿದ್ದರು. ಕೈಯಲ್ಲಿದ್ದ ಹೋಳನ್ನು ತುರಿದು ಮುಗಿಸಿದರು. ಆಮೇಲೆ ಅಂಗಳದಲ್ಲಿ ಎಡಗೈಯಿಂದ ಬಲೆ ಒಪ್ಪ ಮಾಡುತ್ತಿದ್ದ ಗಂಡನ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದರು: "ಆ ಏಣಿ ಬುಡಕ್ಕೆ ಹೋದಾಗೆಲ್ಲ ಹೆದರಿಕೆ ಆಗುತ್ತೆ ಟೀಚರ್. ಹದಿನೇಳು ವರ್ಷದಿಂದ ಪ್ರತಿ ಸಲಾನೂ. ಇವರ ಕೈ ಅಲ್ಲೇ ತಾನೇ ಹೋಗಿದ್ದು. ಅದಕ್ಕೇ ಅಲ್ಲಿ ಅಷ್ಟೊಂದು ಬಾಯಿ ಮಾಡೋದು ನಾನು. ಆ ಕಂದಾವಿನವನಿಗೂ ಗೊತ್ತು. ಬೈಯ್ತಾನೇ ಇರ್ತಾನೆ ಪಾಪ, ನಾನು ನೀರು ನೋಡದೇ ಇರ್ಲಿ ಅಂತ."

"ಏನದು ಗುಸುಗುಸು?" ಅಂಗಳದಿಂದ ಇನೋಕೆ ಕೇಳಿದರು.

"ನಿನ್ನ ಹೊಗಳ್ತಾ ಇದೀನಿ. ಎರಡೇ ಮಾತಲ್ಲಿ ಮುಗಿದುಹೋಯ್ತು."

ಜೆಟ್ಟಿ ಕಟ್ಟುವ ಮಾತು ಈಚೆಗೆ ಮತ್ತೆ ಕೇಳಿಬರುತ್ತಿದೆ. ಅಳತೆಗೆಂದು ಇಬ್ಬರು ಬಂದು ಹೋಗಿದ್ದಾರೆ. ಅವರನ್ನು ದಡಕ್ಕೆ ತಂದವರೂ ತಾರುಸಿಲಾ ಅವರೇ. ಜೆಟ್ಟಿ ಬಂದರೆ ನಿಮ್ಮ ಕೆಲಸ ಹೋಗುತ್ತದಲ್ಲ, ಬೇಸರವಿಲ್ಲವೇ ಎಂದು ಕೇಳಿದೆ.

"ಬೇಸರ ಯಾಕೆ? ಬೇಗ ಬರ್ಲಿ. ಊರಿಗೆ ಇಷ್ಟು ಜನ ಬಂದ್ರು, ಒಬ್ಬರಿಗೂ ನಾನು ಹಾರ ಹಾಕಿಲ್ಲ ಗೊತ್ತಾ? ನಾನು ದೋಣಿ ಎಳೆದು ಬರೋ ಹೊತ್ತಿಗೆ ಹಾಡು ಮುಗಿದಿರುತ್ತೆ, ಹಂದಿದು ಬರೀ ಮೂಳೆ ಉಳಿದಿರುತ್ತೆ." ತುರಿದ ಕಾಯಿಯನ್ನು ಒಂದು ಕಡೆ ಸರಿಸಿ, ಕೈ ಒರೆಸಿಕೊಂಡರು. "ಒಂದೇ ಒಂದು ಸಲ, ತಲೆ ಬಾಚ್ಕೊಂಡು, ಒಣಗಿದ ಬಟ್ಟೆ ಉಟ್ಕೊಂಡು, ಎಲ್ಲರ ಜೊತೆ ದಡದಲ್ಲಿ ನಿಂತು, ಬನ್ನಿ ಬನ್ನಿ ಅಂತ ಹಾಡಬೇಕು."